ಫ್ರಿಜ್ ತಂದ ಮೇಲೆ ಅಮ್ಮನ ಫೋನಿಗೆ ಪುರುಸೊತ್ತಿಲ್ಲ. ಯಾರಿಗೆ ದೂರು ಕೊಡುವುದು?

ಪೆರ್ಲದವ:

ವಿಷಯ ಸಣ್ಣದು ಅನ್ನಿಸಬಹುದು. ಆದರೆ ನಮ್ಮ ಮನೆಯಲ್ಲಿ ದಿನಾ ಇದೇ ಪಂಚಾತಿಕೆ ಆಗಿದೆ, ಹಾಗಾಗಿ ಕೇಳುತ್ತಾ ಇದ್ದೇನೆ.

ಓಣಂ ಆಫರ್ ಇದ್ದಾಗ ಕಾಸರಗೋಡು ಪೇಟೆಯ ಒಂದು ಅಂಗಡಿಯಿಂದ ಫ್ರಿಜ್ ತಂದೆವು. ಕಂತಿನ ಸಾಲ ಅಮ್ಮನ ಹೆಸರಲ್ಲಿ. ಅವರು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್ ಆಗಿದ್ದವರು, ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ನನ್ನ ಅಡಿಕೆ ಲೆಕ್ಕ ನೋಡಿ ಯಾರೂ ಸಾಲ ಕೊಡುವುದಿಲ್ಲ, ಅದು ಬೇರೆ ಕಥೆ.

ಫ್ರಿಜ್ ತೋರಿಸಿದವರು ಅಂಗಡಿಯವರು. ಸಾಲದ ಕೆಲಸಕ್ಕೆ ಕೂತ ಹುಡುಗ ಬೇರೆ, ಕುತ್ತಿಗೆಯಲ್ಲಿ ಫೈನಾನ್ಸ್ ಕಂಪನಿಯ ಕಾರ್ಡು, ಕೈಯಲ್ಲಿ ಟ್ಯಾಬ್. ಅಮ್ಮನನ್ನು ವಾಷಿಂಗ್ ಮೆಷಿನ್‌ಗಳ ಎದುರು ನಿಲ್ಲಿಸಿ ಫೋಟೋ ಹೊಡೆದ. ಆಧಾರ್, ಪಾನ್, ಪಾಸ್‌ಬುಕ್ ಎಲ್ಲದರ ಫೋಟೋನೂ ಆಯಿತು. ಆಮೇಲೆ ಶುರುವಾಯಿತು ಒಟಿಪಿ. ಒಂದು ಬಂತು, ಹೇಳಿದರು. ಇನ್ನೊಂದು ಬಂತು. ಮತ್ತೊಂದು. "ಒಟಿಪಿ ವನ್ನೋ ಟೀಚರೇ?" ಅಂತ ಅವನು ಕೇಳುವುದು, ಅಮ್ಮ ಕನ್ನಡಕ ಸರಿಮಾಡಿ ಮಗ್ಗಿ ಹೇಳಿಕೊಟ್ಟ ಹಾಗೆ ಒಂದೊಂದೇ ಅಂಕೆ ಹೇಳುವುದು. ಯಾವ ಒಟಿಪಿ ಯಾವುದಕ್ಕೆ ಅಂತ ನಾನು ಕೇಳಿದೆ. "ಎಲ್ಲ ಪ್ರೊಸೆಸ್, ಸಿಸ್ಟಮ್ ಕೇಳುತ್ತದೆ" ಅಂದ. ಟ್ಯಾಬಿನಲ್ಲಿ ಇದ್ದದ್ದು ಪೂರ್ತಿ ಇಂಗ್ಲಿಷ್, ಅದೂ ಸಣ್ಣಕ್ಷರ. ಹಿಂದೆ ನಾಲ್ಕೈದು ಜನ ಕಾಯುತ್ತಾ ಇದ್ದರು.

ಮನೆಗೆ ಬಂದು ಬಿಲ್ ಬಿಡಿಸಿ ನೋಡಿದರೆ ಎಕ್ಸ್‌ಟೆಂಡೆಡ್ ವಾರಂಟಿ ಸೇರಿದೆ. ಕಂತಿನ ಪಟ್ಟಿಯಲ್ಲಿ ಯಾವುದೋ ಹೆಲ್ತ್ ಕಾರ್ಡಿಗೆ 1,499 ರೂಪಾಯಿ. ಎರಡನ್ನೂ ನಾವು ಕೇಳಿಲ್ಲ, ಅವನು ಹೇಳಿಲ್ಲ.

ಆ ವಾರದಿಂದಲೇ ಫೋನ್ ಶುರು. ಪರ್ಸನಲ್ ಲೋನ್ ಬೇಕಾ, ಇನ್ಶೂರೆನ್ಸ್ ಬೇಕಾ, ಚಿನ್ನ ಅಡವಿಡುತ್ತೀರಾ. ಮೊದಲು ಮಲಯಾಳದಲ್ಲಿ, ಅರ್ಥವಾಗದಿದ್ದರೆ ಹಿಂದಿಯಲ್ಲಿ. ಅಮ್ಮನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಕಷ್ಟ. ಅವರ ಸ್ವಭಾವ ಹೇಗೆ ಅಂದರೆ, ಯಾರ ಫೋನನ್ನೂ ನಡುವೆ ಕಟ್ ಮಾಡುವುದಿಲ್ಲ. ಪೂರ್ತಿ ಕೇಳಿ, ಕೊನೆಗೆ "ನಿನ್ನ ಊರು ಎಲ್ಲಿ ಮಗಾ?" ಅಂತ ವಿಚಾರಿಸುತ್ತಾರೆ. ಅಷ್ಟು ಹೊತ್ತು ಲೈನಿನಲ್ಲಿ ಇರುವ ಗಿರಾಕಿಯನ್ನು ಅವರು ಬಿಡುತ್ತಾರಾ? ಒಬ್ಬ ಹುಡುಗಿಯಂತೂ ಅಮ್ಮನ ಹುಟ್ಟಿದ ತಾರೀಕು ಅವಳೇ ಹೇಳಿದಳು. ಅಲ್ಲಿಗೆ ನನಗೆ ಮಂಡೆ ಬಿಸಿಯಾಯಿತು.

ಈಗ ಕೇಳುವುದು ಇಷ್ಟು. ಆ ವಾರಂಟಿ, ಕಾರ್ಡಿನ ದುಡ್ಡು ವಾಪಸ್ ಬರುತ್ತದಾ? ಕಾಗದಪತ್ರ ಕನ್ನಡದಲ್ಲಿ ಕೊಡಿ ಅಂತ ಕೇಳುವ ಹಕ್ಕು ಕೇರಳದಲ್ಲಿ ಇರುವ ನಮಗೆ ಇದೆಯಾ? ಕಂಪನಿಯ ಹೆಡ್ ಆಫೀಸ್ ಎಲ್ಲೋ ದೂರದ ಊರಲ್ಲಿ. ಅಲ್ಲಿಗೆ ಹೋಗಬೇಕಾ, ಇಲ್ಲೇ ಆಗುತ್ತದಾ?

ಕುಂಬಳೆ ಕಟ್ಟೆ:

ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಮಾರಾಯ್ರೆ. ನಂಬರ್ ಈಗ ಯಾರತ್ರ ಇಲ್ಲ ಹೇಳಿ. ವಾಟ್ಸಾಪ್ 2021ರಲ್ಲಿ ಪಾಲಿಸಿ ಬದಲಾಯಿಸಿದಾಗ ದೇಶವೇ ಬೊಬ್ಬೆ ಹೊಡೆಯಿತು. 2024ರ ನವೆಂಬರಿನಲ್ಲಿ ಸ್ಪರ್ಧಾ ಆಯೋಗ ವಾಟ್ಸಾಪಿನ ಒಡೆಯ ಮೆಟಾ ಕಂಪನಿಗೆ 213 ಕೋಟಿ ದಂಡ ಹಾಕಿತು. ಏನಾಯಿತು? ನಾವು ಅದೇ ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಕಳಿಸುತ್ತಾ ಇದ್ದೇವೆ. ಪ್ರೈವಸಿ ಎಲ್ಲ ದೊಡ್ಡ ಪೇಟೆಯವರ ಮಾತು. ಅಮ್ಮನಿಗೆ ಹೊಸ ಸಿಮ್ ತೆಗೆದುಕೊಡಿ, ಮುಗಿಯಿತು.

ಬದಿಯಡ್ಕ ಜೆರಾಕ್ಸ್:

ಹೊಸ ಸಿಮ್ ಸುಲಭ. ಹೊಸ ಆಧಾರ್, ಹೊಸ ಪಾನ್, ಹೊಸ ಹುಟ್ಟಿದ ತಾರೀಕು ಎಲ್ಲಿಂದ ತರುವುದು? ಪಿಂಚಣಿ ಖಾತೆಗೆ ಹಳೇ ನಂಬರೇ ಜೋಡಿಸಿರುತ್ತದೆ. ಅದನ್ನು ಬದಲಾಯಿಸಲು ಎಷ್ಟು ಸಲ ಅಲೆಯಬೇಕು ಅಂತ ನನ್ನ ಅಂಗಡಿಗೆ ಬರುವವರನ್ನು ಕೇಳಿ.

ನಾನು ಜೆರಾಕ್ಸ್, ಆನ್‌ಲೈನ್ ಅರ್ಜಿ ಮಾಡುವ ಅಂಗಡಿ ಇಟ್ಟವಳು. ಜನ ನನ್ನ ವಾಟ್ಸಾಪಿಗೆ ಆಧಾರ್, ರೇಷನ್ ಕಾರ್ಡ್, ಮಗಳ ಮಾರ್ಕ್ಸ್ ಕಾರ್ಡ್ ಎಲ್ಲ ಹಾಕಿ "ಅಕ್ಕಾ ಪ್ರಿಂಟ್" ಅಂತ ಬರೆಯುತ್ತಾರೆ. ಸಂಜೆ ಬಾಗಿಲು ಹಾಕುವ ಮೊದಲು ಗ್ಯಾಲರಿ ಖಾಲಿ ಮಾಡುತ್ತೇನೆ. ಒಂದು ದಿನ ಮಾಡದಿದ್ದರೆ ಅರ್ಧ ಪಂಚಾಯತಿನ ಜಾತಕ ನನ್ನ ಫೋನಿನಲ್ಲಿ. ಎಲ್ಲ ಅಂಗಡಿಯವರೂ ಅಳಿಸುತ್ತಾರೆ ಅಂತ ನಾನು ಹೇಳುವುದಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ ಅಂತ ಪ್ರಕಟಣೆ ಹೊರಡಿಸಿತು. ಎರಡೇ ದಿನಕ್ಕೆ ದಿಲ್ಲಿಯವರು ಅದನ್ನು ವಾಪಸ್ ತೆಗೆದುಕೊಂಡರು. ಮಾತು ಸರಿಯೇ ಇತ್ತು ಅಂತ ನನ್ನ ಅಭಿಪ್ರಾಯ. ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ, ನಾನು ಎಲ್ಲರಿಗೂ ಅದನ್ನೇ ತೆಗೆದುಕೊಡುವುದು.

ಇನ್ನು ನಿಮ್ಮ ಪ್ರಶ್ನೆಗೆ. ಎಲ್ಲರೂ ನಮ್ಮ ವೈಯಕ್ತಿಕ ವಿವರ ಕಾಪಾಡುವ ಹೊಸ ಡೇಟಾ ಕಾನೂನಿನ ಹೆಸರು ಹೇಳುತ್ತಾರೆ. ಅದು 2023ರ ಆಗಸ್ಟಿನಲ್ಲಿ ಪಾಸಾಯಿತು, ನಿಯಮ ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಪುರುಸೊತ್ತು ಕೊಟ್ಟಿದ್ದಾರೆ. ಅದರಲ್ಲಿ ನಮಗೆ ಬೇಕಾದ ಮಾತು ಒಂದಿದೆ: ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಪಟ್ಟಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ನೀವು ಯಾವ ರಾಜ್ಯದಲ್ಲಿ ಇದ್ದೀರಿ ಅಂತ ಅದು ಕೇಳುವುದಿಲ್ಲ. ಕೇರಳದ ಸಿಮ್ ಅಂತ ಮಲಯಾಳ ತೋರಿಸಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಆದರೆ ನೀವು ಅದಕ್ಕೆ ಕಾಯುವುದೇ ಬೇಡ. ನಿಮ್ಮದು ಸಾಲ, ಅಲ್ವಾ? ರಿಸರ್ವ್ ಬ್ಯಾಂಕಿನ ನಿಯಮ ಇದಕ್ಕಿಂತ ಗಟ್ಟಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವಾಗ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಪತ್ರ ಕೊಡಲೇಬೇಕು. ಬಡ್ಡಿ, ಶುಲ್ಕ, ಇನ್ಶೂರೆನ್ಸ್ ದುಡ್ಡು ಎಲ್ಲ ಅದರಲ್ಲಿ ಬರಬೇಕು. ಅದು ಸಾಲ ತೆಗೆದುಕೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಅವರಿಗೆ ವಿವರಿಸಿ ಹೇಳಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಅಮ್ಮ ಕನ್ನಡ ಟೀಚರ್. ಅವರಿಗೆ ಅರ್ಥವಾಗುವ ಭಾಷೆ ಯಾವುದು ಅಂತ ವಾದ ಮಾಡಲು ಯಾರಿಗೂ ದಾರಿ ಇಲ್ಲ.

ಹಾಗಾಗಿ ಕಂಪನಿಯಲ್ಲಿ ದೂರು ನೋಡುವ ಗ್ರೀವೆನ್ಸ್ ಆಫೀಸರಿಗೆ ಮೇಲ್ ಹಾಕಿ. ಆ ಪತ್ರ ಕನ್ನಡದಲ್ಲಿ ಕೊಡಿ, ಹೆಲ್ತ್ ಕಾರ್ಡಿಗೆ ಒಪ್ಪಿದ್ದಕ್ಕೆ ದಾಖಲೆ ತೋರಿಸಿ, ಇಲ್ಲದಿದ್ದರೆ ರದ್ದು ಮಾಡಿ ದುಡ್ಡು ಕೊಡಿ, ಜಾಹೀರಾತಿನ ಫೋನಿಗೆ ಕೊಟ್ಟ ಒಪ್ಪಿಗೆ ವಾಪಸ್ ಪಡೆದಿದ್ದೇವೆ. ಇಷ್ಟು ಸಾಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅಂತ ದೂರು ತೀರ್ಮಾನಿಸುವ ಅಧಿಕಾರಿಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ಖರ್ಚಿಲ್ಲ. ವಿಚಾರಿಸಲು 14448.

ಫೋನ್ ಕಾಟಕ್ಕೆ 1909. ಆದರೆ ಒಂದು ವಿಷಯ ಜನಕ್ಕೆ ಗೊತ್ತಿಲ್ಲ. ಡಿಎನ್‌ಡಿ, ಅಂದರೆ ಜಾಹೀರಾತಿನ ಫೋನ್ ಬೇಡ ಅಂತ ನೋಂದಣಿ, ಹಾಕಿದರೂ ನೀವು ಫಾರಂನಲ್ಲಿ ಒಪ್ಪಿಗೆ ಕೊಟ್ಟ ಕಂಪನಿಯ ಫೋನು ಬರುತ್ತಲೇ ಇರುತ್ತದೆ. ಅದಕ್ಕೇ ಮೊದಲು ಒಪ್ಪಿಗೆ ವಾಪಸ್, ಆಮೇಲೆ ಡಿಎನ್‌ಡಿ. ಫೋನ್ ಬಂದ 7 ದಿನದ ಒಳಗೆ ದೂರು ಕೊಡಬೇಕು, ನಂಬರ್ ಬರೆದಿಟ್ಟುಕೊಳ್ಳಿ.

ಕುಂಬಳೆ ಕಟ್ಟೆ:

ಅಕ್ಕಾ, ಒಪ್ಪಿದೆ. ಆದರೆ ಆ ಹೊಸ ಕಾನೂನಿನಲ್ಲಿ ದಂಡ 250 ಕೋಟಿವರೆಗೆ ಅಂತಾರೆ. ಅದರಲ್ಲಿ ಟೀಚರಿಗೆ ಎಷ್ಟು?

ಬದಿಯಡ್ಕ ಜೆರಾಕ್ಸ್:

ಸೊನ್ನೆ. ದಂಡ ಪೂರ್ತಿ ಸರ್ಕಾರದ ಖಜಾನೆಗೆ. ಮೊದಲು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಸೆಕ್ಷನ್‌ನಲ್ಲಿ ಪರಿಹಾರ ಕೇಳಲು ಒಂದು ದಾರಿ ಇತ್ತು, ಅದನ್ನು ತೆಗೆಯಲು ಇದೇ ಕಾನೂನಿನಲ್ಲಿ ಬರೆದಿದ್ದಾರೆ. ಸುಳ್ಳು ದೂರು ಕೊಟ್ಟರೆ ನಮಗೆ 10,000 ರೂಪಾಯಿವರೆಗೆ ದಂಡ, ಅದನ್ನು ಮಾತ್ರ ಮರೆತಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಪರಿಹಾರ ಬೇಕಾದರೆ ಗ್ರಾಹಕ ಕಾನೂನಿಗೇ ಹೋಗಬೇಕು. 2019ರ ಕಾಯ್ದೆಯಲ್ಲಿ ಅನ್ಯಾಯದ ವ್ಯಾಪಾರ ಯಾವುದೆಲ್ಲ ಅಂತ ಬರೆದ ಕಡೆ, ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ವಿವರವನ್ನು ಇನ್ನೊಬ್ಬರಿಗೆ ದಾಟಿಸುವುದೂ ಸೇರಿದೆ. ಇದು 2020ರಿಂದಲೇ ಜಾರಿಯಲ್ಲಿದೆ, ಯಾರೂ ಉಪಯೋಗಿಸುವುದಿಲ್ಲ ಅಷ್ಟೇ. ಹೆಡ್ ಆಫೀಸ್ ಎಲ್ಲಿದ್ದರೂ ಚಿಂತೆ ಇಲ್ಲ, ದೂರು ಕೊಡುವವರು ವಾಸ ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ನಿಮಗೆ ಕಾಸರಗೋಡಿನ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಎಷ್ಟೋ ಸಲ ಅಲ್ಲಿಂದ ಕಂಪನಿಗೆ ಒಂದು ಮೇಲ್ ಹೋದರೆ ದುಡ್ಡು ತನ್ನಿಂದ ತಾನೇ ಬರುತ್ತದೆ.

ಮತ್ತೆ, ಪ್ರೈವಸಿ ಪೇಟೆಯವರದ್ದು ಅಂದಿರಲ್ಲ. ಅದು ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಹೇಳಿದ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ಪುಟ್ಟಸ್ವಾಮಿಯವರು, 80 ದಾಟಿದ ವಯಸ್ಸಿನಲ್ಲಿ. ಟೀಚರಮ್ಮ ಇನ್ನೂ ಚಿಕ್ಕವರು.

ಉಪ್ಪಳ ಎಲೆಕ್ಟ್ರಾನಿಕ್ಸ್:

ನಾನೂ ಅಂಗಡಿಯವನೇ, ಸಣ್ಣದು. ನಮ್ಮ ಕಡೆಯ ಮಾತೂ ಇರಲಿ.

ಫೈನಾನ್ಸಿನ ಹುಡುಗ ನಮ್ಮ ಸಂಬಳದವನಲ್ಲ. ಅವನಿಗೆ ತಿಂಗಳಿಗೆ ಇಷ್ಟು ಸಾಲ, ಇಷ್ಟು ಕಾರ್ಡು ಅಂತ ಟಾರ್ಗೆಟ್ ಇರುತ್ತದೆ. ಕಾರ್ಡು ಹೋಗದಿದ್ದರೆ ಅವನ ಮೇಲಿನವರು ಅವನನ್ನು ಬಿಡುವುದಿಲ್ಲ. ಆದರೆ ವಾರಂಟಿ ಅಂಗಡಿಯ ಬಿಲ್ಲಿನಲ್ಲೇ ಬಂದಿದ್ದರೆ ಅದು ಅಂಗಡಿಯವರದ್ದೇ ಜವಾಬ್ದಾರಿ, ಅದರಲ್ಲಿ ಕಮಿಷನ್ ಇದೆ. ನಾನು ಮುಚ್ಚಿಡುವುದಿಲ್ಲ. ಬಿಲ್ ಹಿಡಿದು ನೇರ ಮಾಲಕರ ಹತ್ತಿರ ಹೋಗಿ, ಕೌಂಟರಿನಲ್ಲಿ ಮಾತಾಡಬೇಡಿ.

ನಂಬರ್ ವಿಷಯ. ಬಿಲ್ಲಿಗೆ ನಂಬರ್ ಬೇಕಾಗಿಲ್ಲ. ಜಿಎಸ್‌ಟಿಯಲ್ಲಿ ಸಾಮಾನ್ಯ ಗಿರಾಕಿಗೆ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಹೆಸರು, ವಿಳಾಸ ಕೇಳುತ್ತಾರೆ, ಫೋನ್ ನಂಬರ್ ಅಲ್ಲ. ನಂಬರ್ ಕೊಡದಿದ್ದರೆ ಸಾಮಾನು ಇಲ್ಲ ಅನ್ನಬೇಡಿ ಅಂತ 2023ರ ಮೇ ತಿಂಗಳಲ್ಲೇ ಕೇಂದ್ರದ ಗ್ರಾಹಕ ಇಲಾಖೆ ಅಂಗಡಿಯವರಿಗೆ ಹೇಳಿದೆ. ಆದರೂ ಸಾಫ್ಟ್‌ವೇರ್ ಮಾಡಿದವನು ಆ ಕಾಲಂ ಖಾಲಿ ಬಿಟ್ಟರೆ ಮುಂದೆ ಹೋಗದ ಹಾಗೆ ಮಾಡಿಟ್ಟಿದ್ದಾನೆ. ನಮ್ಮಲ್ಲಿ ಕೊಡದವರಿಗೆ ಹತ್ತು ಸಲ 9 ಒತ್ತುತ್ತೇವೆ. ನನ್ನ ಕಂಪ್ಯೂಟರಿನ ಪ್ರಕಾರ ಉಪ್ಪಳದ ಅತಿ ದೊಡ್ಡ ಗಿರಾಕಿ ಆ ನಂಬರಿನವನೇ, ವರ್ಷದಲ್ಲಿ ನೂರಾರು ಮಿಕ್ಸಿ ತೆಗೆದುಕೊಂಡಿದ್ದಾನೆ.

ಪೆರ್ಲದವ:

ಎಲ್ಲರಿಗೂ ಉಪಕಾರ ಆಯಿತು. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಉಪ್ಪಳದ ದೊಡ್ಡ ಗಿರಾಕಿಯ ಸುದ್ದಿಗೆ ತುಂಬ ನಕ್ಕರು. ಆಮೇಲೆ ಪತ್ರ ತಾನೇ ಬರೆಯುತ್ತೇನೆ, ಕನ್ನಡದಲ್ಲೇ ಬರೆಯುತ್ತೇನೆ, ನೀನು ಫೋಟೋ ತೆಗೆದು ಕಳಿಸು ಸಾಕು ಅಂದರು. ಎರಡು ಪುಟ ಆಗಲೇ ಆಗಿದೆ, ಇನ್ನೂ ಪೀಠಿಕೆಯಲ್ಲೇ ಇದ್ದಾರೆ. ಕನ್ನಡದಲ್ಲಿ ಕಳಿಸಿದರೆ ನಡೆಯುತ್ತದಾ?

ಬದಿಯಡ್ಕ ಜೆರಾಕ್ಸ್:

ಕಂಪನಿಗೆ ಕಳಿಸಿ, ಧಾರಾಳ. ಓದಲು ಬಾರದಿದ್ದರೆ ಅವರು ಓದುವವರನ್ನು ಹುಡುಕಲಿ. ಆದರೆ ಕೆಳಗೆ ನಾಲ್ಕು ಸಾಲು ಇಂಗ್ಲಿಷಿನಲ್ಲೂ ಹಾಕಿ, ಮುಂದೆ ಓಂಬುಡ್ಸ್‌ಮನ್‌ಗೆ ಹೋಗುವಾಗ ಅರ್ಥವಾಗಲಿಲ್ಲ ಅಂತ ಅವರು ಜಾರಿಕೊಳ್ಳಬಾರದು. ಲೋನ್ ನಂಬರ್, ಬಿಲ್ ತಾರೀಕು ಮೊದಲ ಸಾಲಿನಲ್ಲೇ ಬರಲಿ, ಪೀಠಿಕೆ ಆಮೇಲೆ. ಮತ್ತೆ ಗುರುತಿಗೆ ಅಂತ ಆಧಾರ್ ಲಗತ್ತಿಸಬೇಡಿ, ಅದು ಅವರತ್ರ ಆಗಲೇ ಇದೆ.