ಪದಕೋಶದ ಹೆಡರ್‌ನಲ್ಲಿ ಮುಂದಿನ ಪುಟದ ಪದ ಬರುತ್ತಿದೆ

ಪ್ರಶ್ನೆ:
ಮಾನ್ಯರೇ, ಬೇಸಾಯದ ಆಡುಮಾತಿನ ಪದಗಳ ಕೋಶವೊಂದನ್ನು ಲೇಟೆಕ್ ಎಂಬ ಪುಟಜೋಡಣೆ ತಂತ್ರಾಂಶದ ಬುಕ್ ಕ್ಲಾಸ್ (ಪುಸ್ತಕಗಳಿಗೆಂದಿರುವ ವಿನ್ಯಾಸ) ಬಳಸಿ ಸಿದ್ಧಪಡಿಸುತ್ತಿದ್ದೇನೆ. ನಿಘಂಟುಗಳಲ್ಲಿರುವಂತೆ ಪುಟದ ಮೊದಲ ಪದ ಹೆಡರ್‌ನ (ಪುಟದ ಮೇಲ್ತುದಿಯ ಸಾಲಿನ) ಎಡಕ್ಕೂ ಕೊನೆಯ ಪದ ಬಲಕ್ಕೂ ಬರಬೇಕು. ಪ್ರತಿ ನಮೂದಿನ ಪದವನ್ನು ನಾನೇ ಬರೆದ ಮ್ಯಾಕ್ರೊ (ಹೆಸರಿಟ್ಟ ಆಜ್ಞೆ) ಒಂದರಲ್ಲಿ ಉಳಿಸಿ, ಹೆಡರ್ ರೂಪಿಸುವ ಫ್ಯಾನ್ಸಿಎಚ್‌ಡಿಆರ್ ಪ್ಯಾಕೇಜ್ ಮೂಲಕ ಹೆಡರ್‌ಗೆ ಕೊಟ್ಟಿದ್ದೇನೆ. ಆದರೆ ‘ನೇಗಿಲು’ ಕೊನೆಯ ನಮೂದಾಗಿರುವ ಪುಟದ ಮೇಲೆ, ಮುಂದಿನ ಪುಟದಲ್ಲಿರುವ ‘ನೊಗ’ ಅಚ್ಚಾಗುತ್ತಿದೆ. ಇದನ್ನು ಸರಿಪಡಿಸುವುದು ಹೇಗೆ?

ಉತ್ತರ 1:
ಲೇಟೆಕ್‌ಗೆ ಆಧಾರವಾದ ಟೆಕ್ ಪುಟವನ್ನು ಕತ್ತರಿಸುವ ಮೊದಲು ಒಂದು ಪುಟಕ್ಕಿಂತ ಹೆಚ್ಚಿನ ಪಠ್ಯವನ್ನು ಓದಿಕೊಂಡಿರುತ್ತದೆ. ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸಿ ಹೆಡರ್ ಜೋಡಿಸುವ ಹೊತ್ತಿಗೆ ತಮ್ಮ ಮ್ಯಾಕ್ರೊದಲ್ಲಿ ಮುಂದಿನ ಪುಟಕ್ಕೆ ಸೇರಬೇಕಾದ ಪದ ಬಂದು ಕುಳಿತಿರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಸಾಮಾನ್ಯ ಮ್ಯಾಕ್ರೊ ಎಂದಿಗೂ ನಂಬಲರ್ಹವಲ್ಲ. ಪಠ್ಯದ ಜೊತೆಗೇ ಸಾಗಿ, ಅದು ಬಿದ್ದ ಪುಟದಲ್ಲೇ ಉಳಿಯುವ ‘ಮಾರ್ಕ್’ (ಗುರುತು) ಎಂಬ ವ್ಯವಸ್ಥೆ ಇದಕ್ಕೆಂದೇ ಇದೆ.

ನಮೂದಿನ ಆಜ್ಞೆಯೊಳಗೆ ‘ಮಾರ್ಕ್‌ಬೋತ್’ ಬಳಸಿ, ಅದರ ಎರಡು ಆವರಣಗಳಲ್ಲೂ ಅದೇ ಪದವನ್ನು ಕೊಡಿ. ಬಳಿಕ ಹೆಡರ್‌ನ ಎಡಕ್ಕೆ ‘ರೈಟ್‌ಮಾರ್ಕ್’, ಬಲಕ್ಕೆ ‘ಲೆಫ್ಟ್‌ಮಾರ್ಕ್’ ಇಡಿ. ಹೆಸರು ನೋಡಿದರೆ ತಿರುಗುಮುರುಗಾಗಿ ಕಾಣುತ್ತದೆ, ಆದರೆ ರೈಟ್‌ಮಾರ್ಕ್ ಪುಟದ ಮೊದಲ ಗುರುತನ್ನೂ ಲೆಫ್ಟ್‌ಮಾರ್ಕ್ ಕೊನೆಯ ಗುರುತನ್ನೂ ಕೊಡುತ್ತವೆ. ಹೊಸ ನಮೂದೇ ಇಲ್ಲದ ಪುಟದಲ್ಲಿ ಹಿಂದಿನ ಪುಟದ ಕೊನೆಯ ಪದವೇ ಎರಡೂ ಕಡೆ ಬರುತ್ತದೆ. ಆ ನಮೂದೇ ಅಲ್ಲಿಗೆ ಮುಂದುವರಿದಿರುವುದರಿಂದ ಅದು ಸರಿಯೂ ಹೌದು.

ಮಾರ್ಕ್‌ಬೋತ್ ಆಜ್ಞೆಯನ್ನು ಪ್ಯಾರಾದ ಒಳಗೆ, ದಪ್ಪಕ್ಷರದ ಪದ ಮುಗಿದೊಡನೆ ಇಡುವುದು ಮುಖ್ಯ. ಪ್ಯಾರಾಕ್ಕೆ ಮೊದಲೇ ಇಟ್ಟರೆ ಗುರುತು ಹಿಂದಿನ ಪುಟದಲ್ಲಿ ಉಳಿದು, ಪದ ಮಾತ್ರ ಮುಂದಿನ ಪುಟಕ್ಕೆ ಹೋಗುವ ಸಂಭವವಿದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು, ಪದಗಳು ಈಗ ಸರಿಯಾಗಿ ಬರುತ್ತಿವೆ. ಪ್ರತಿ ಅಕ್ಷರವನ್ನು ಒಂದು ಅಧ್ಯಾಯವಾಗಿ ಆರಂಭಿಸಿರುವುದರಿಂದ ಆ ಮೊದಲ ಪುಟದಲ್ಲಿ ಹೆಡರ್ ಇರುತ್ತಿರಲಿಲ್ಲ. ‘ಫ್ಯಾನ್ಸಿಪೇಜ್‌ಸ್ಟೈಲ್’ ಮೂಲಕ ಅಂಥ ಪುಟಗಳಿಗೆ ಅನ್ವಯವಾಗುವ ‘ಪ್ಲೇನ್’ ಶೈಲಿಯನ್ನು ಬದಲಿಸಿ ಅದನ್ನು ತಂದುಕೊಂಡೆ. ಆದರೆ ಅದೇ ಪುಟದಲ್ಲಿ ಹೆಡರ್‌ನ ಎಡಭಾಗ ಖಾಲಿ ಇದೆ.

ಉತ್ತರ 2:
ಅಧ್ಯಾಯದ ಆಜ್ಞೆಯು ‘ಚಾಪ್ಟರ್‌ಮಾರ್ಕ್’ ಮೂಲಕ ತನ್ನದೇ ಗುರುತನ್ನು ಹಾಕುತ್ತದೆ, ಮತ್ತು ಅದರ ಎರಡನೆಯ ಆವರಣ ಖಾಲಿಯಾಗಿರುತ್ತದೆ. ಆ ಪುಟದ ಮೊದಲ ಗುರುತು ಅದೇ ಆದ್ದರಿಂದ ರೈಟ್‌ಮಾರ್ಕ್‌ಗೆ ಸಿಗುವುದು ಬರಿದು. ಚಾಪ್ಟರ್‌ಮಾರ್ಕ್ ಏನೂ ಮಾಡದಂತೆ ಮರುವ್ಯಾಖ್ಯಾನಿಸಿ. ಆದರೆ ‘ಪೇಜ್‌ಸ್ಟೈಲ್ ಫ್ಯಾನ್ಸಿ’ ಎಂಬ ಸಾಲಿನ ನಂತರವೇ ಬರೆಯಿರಿ, ಇಲ್ಲವಾದರೆ ಆ ಸಾಲು ಅದನ್ನು ಮತ್ತೆ ಬದಲಿಸಿಬಿಡಬಹುದು. ಮುನ್ನುಡಿಗೆ ನಕ್ಷತ್ರ ಸಹಿತ ಅಧ್ಯಾಯದ ಆಜ್ಞೆ ಬಳಸಿದ್ದರೆ, ಅದು ಗುರುತನ್ನೇ ಹಾಕದ ಕಾರಣ ಪರಿವಿಡಿಯ ಹೆಡರ್ ಮುನ್ನುಡಿಯ ಪುಟಗಳಲ್ಲೂ ಮುಂದುವರಿಯುತ್ತದೆ. ಅಲ್ಲಿಯೂ ಮಾರ್ಕ್‌ಬೋತ್ ಅನ್ನು ಕೈಯಿಂದಲೇ ಕೊಡಬೇಕು.

ಉತ್ತರ 3:
2022ರ ಜೂನ್ ಆವೃತ್ತಿಯಿಂದ ಲೇಟೆಕ್‌ನಲ್ಲಿ ‘ನ್ಯೂಮಾರ್ಕ್‌ಕ್ಲಾಸ್’ ಎಂಬ ಆಜ್ಞೆ ಇದೆ. ಪದಗಳಿಗೆ ಗುರುತಿನ ಪ್ರತ್ಯೇಕ ವರ್ಗವನ್ನು ರಚಿಸಿ ‘ಫಸ್ಟ್‌ಮಾರ್ಕ್’, ‘ಲಾಸ್ಟ್‌ಮಾರ್ಕ್’ ಬಳಸಿದರೆ ಅಧ್ಯಾಯದ ಗುರುತಿನೊಡನೆ ಗೊಂದಲವೇ ಉಂಟಾಗದು. ಹೊಸದಾಗಿ ಆರಂಭಿಸುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಇನ್ನೊಂದು ವಿಷಯವೆಂದರೆ, ಬುಕ್ ಕ್ಲಾಸ್‌ನಲ್ಲಿ ಹೆಡರ್‌ಗೆ ಮೀಸಲಾದ ಎತ್ತರ 12 ಪಾಯಿಂಟ್ ಮಾತ್ರ. ಒತ್ತಕ್ಷರಗಳಿರುವ ಕನ್ನಡ ಪದಗಳಿಗೆ ಅದು ಸಾಲದಿದ್ದರೆ ಫ್ಯಾನ್ಸಿಎಚ್‌ಡಿಆರ್ ಎಚ್ಚರಿಕೆ ನೀಡುತ್ತದೆ. ಕನಿಷ್ಠ ಎಷ್ಟು ಬೇಕೆಂಬುದೂ ಆ ಎಚ್ಚರಿಕೆಯಲ್ಲೇ ಇರುತ್ತದೆ, ‘ಹೆಡ್‌ಹೈಟ್’ಗೆ ಆ ಅಂಕಿಯನ್ನು ಕೊಟ್ಟರಾಯಿತು.