‘ಫ್ರೇಲ್ಟಿ’ಗೆ ಕನ್ನಡದಲ್ಲಿ ಏನನ್ನೋಣ? ‘ತ್ರಾಣಗುಂದು’ ಆಗಬಹುದಾ?

ಗೆಳೆಯರೇ,

ಒಂದು ಪದಕ್ಕಾಗಿ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ನೆರವು ಬೇಕು.

ನನ್ನ ಅಕ್ಕನ ಮಗಳು ಉಡುಪಿಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಹೃದಯದ ಕಾಯಿಲೆ ಇರುವ, 65 ದಾಟಿದವರ ಜೊತೆ ಅವಳ ಕೆಲಸ. ಅವರ ಕೈಗೆ ಕೊಡುವ ಎರಡು ಪುಟದ ಹಾಳೆಯನ್ನು ಕನ್ನಡಕ್ಕೆ ತಂದುಕೊಡಿ ಎಂದು ನನ್ನನ್ನು ಕೇಳಿದಳು. ಬಿಪಿ, ಶುಗರ್, ಬ್ಲಾಕ್, ಸ್ಟೆಂಟ್ ಎಲ್ಲ ಈಗ ಮನೆಮಾತೇ ಆಗಿವೆ. ಅವುಗಳಲ್ಲಿ ತೊಂದರೆ ಬರಲಿಲ್ಲ. ಸಿಕ್ಕಿಕೊಂಡದ್ದು ‘ಫ್ರೇಲ್ಟಿ’ ಅನ್ನುವಲ್ಲಿ.

ಇದು ಬರೀ ಸುಸ್ತು ಅಲ್ಲ. ದಿನದ ಕೆಲಸಕ್ಕೆ ಸಾಕಾಗುವಷ್ಟು ಶಕ್ತಿ ಇರುತ್ತದೆ, ಮಿಗುವಷ್ಟು ಇರುವುದಿಲ್ಲ. ನಮ್ಮ ಕಡೆಯ ಮೇ ತಿಂಗಳ ಬಾವಿ ನೆನಪಿಸಿಕೊಳ್ಳಿ. ಮನೆಗೆ ಬೇಕಾದ ನಾಲ್ಕು ಕೊಡ ನೀರು ಸಿಗುತ್ತದೆ. ನೆಂಟರು ಬಂದರೆಂದು ಇನ್ನೆರಡು ಕೊಡ ಸೇದಿದರೆ ತಳ ಕಾಣುತ್ತದೆ, ಒರತೆ ಬೇಗ ತುಂಬುವುದಿಲ್ಲ. ಇಂಥವರಿಗೆ ಒಂದು ಜ್ವರ ಬಂದರೆ, ಒಂದು ಸಲ ಜಾರಿ ಬಿದ್ದರೆ ಸಾಕು, ಮೊದಲಿನ ಹಾಗೆ ಎದ್ದು ಓಡಾಡುವುದು ಕಷ್ಟ.

ಇದನ್ನು ಅಳೆಯುವ ಒಂದು ಹೆಸರಾದ ವಿಧಾನ ಬಂದದ್ದು ಹೃದಯದ ಸಂಶೋಧನೆಯಿಂದಲೇ. ಅಮೆರಿಕದಲ್ಲಿ 65 ವರ್ಷ ಮತ್ತು ಅದಕ್ಕೂ ಮೇಲಿನವರ ಹೃದಯ, ರಕ್ತನಾಳಗಳ ಕಾಯಿಲೆಯನ್ನು ತಿಳಿಯಲು 1989ರಲ್ಲಿ ಕಾರ್ಡಿಯೋವಾಸ್ಕ್ಯುಲರ್ ಹೆಲ್ತ್ ಸ್ಟಡಿ ಎಂಬ ಅಧ್ಯಯನಕ್ಕೆ ಜನರನ್ನು ಸೇರಿಸಿಕೊಳ್ಳಲು ಶುರು ಮಾಡಿದರು. ಒಟ್ಟು 5,888 ಜನ ಸೇರಿದರು. ಆ ಮಾಹಿತಿ ಇಟ್ಟುಕೊಂಡು 2001ರಲ್ಲಿ ವೈದ್ಯೆ ಲಿಂಡಾ ಫ್ರೀಡ್ ಮತ್ತು ಜೊತೆಗಾರರು ಐದು ಗುರುತುಗಳನ್ನು ಹೇಳಿದರು. ಬೇಕೆಂದು ಮಾಡದೆಯೇ ವರ್ಷದಲ್ಲಿ ನಾಲ್ಕೂವರೆ ಕೆಜಿಯಷ್ಟು ತೂಕ ಇಳಿಯುವುದು, ಬಿಡದ ಆಯಾಸ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರಾದರೂ ಇದ್ದರೆ ‘ಫ್ರೇಲ್’, ಒಂದೋ ಎರಡೋ ಇದ್ದರೆ ‘ಪ್ರೀ-ಫ್ರೇಲ್’. ಅವರ ಲೆಕ್ಕದಲ್ಲಿ ಫ್ರೇಲ್ ಆದವರು 100ಕ್ಕೆ ಸುಮಾರು 7 ಜನ ಮಾತ್ರ. ಹಾಗಾಗಿ ‘ಮುಪ್ಪು’ ಅನ್ನುವ ಪದವನ್ನು ನಾನು ಮೊದಲೇ ಬಿಟ್ಟೆ. ಮುಪ್ಪು ಎಲ್ಲರಿಗೂ ಬರುತ್ತದೆ, ಇದು ಎಲ್ಲರಿಗೂ ಬರುವುದಿಲ್ಲ.

ಈಗ ‘ದೌರ್ಬಲ್ಯ’. ನಿಘಂಟು ನೋಡಿದರೆ ಮೊದಲು ಸಿಗುವುದು ಇದೇ. ನಾನೂ ಅದನ್ನೇ ಬರೆದಿದ್ದೆ. ಪಕ್ಕದ ಮನೆಯ ಅಜ್ಜನಿಗೆ 78 ವರ್ಷ, ಹೃದಯಕ್ಕೆ ಮಾತ್ರೆ ತಗೊಳ್ತಾರೆ. ಹಾಳೆಯನ್ನು ಅವರಿಗೆ ಓದಲು ಕೊಟ್ಟೆ. ‘ಹೃದಯದ ಕಾಯಿಲೆ ಮತ್ತು ದೌರ್ಬಲ್ಯ’ ಎಂಬ ತಲೆಬರಹ ಓದಿದ ಕೂಡಲೇ ಅವರ ಮುಖ ಸಣ್ಣದಾಯಿತು. ದಿನಾ ಗೀತೆ ಓದುವವರು ಅವರು. ಎರಡನೇ ಅಧ್ಯಾಯದ ಮೂರನೇ ಶ್ಲೋಕದಲ್ಲಿ ಕೃಷ್ಣ ಅರ್ಜುನನಿಗೆ ‘ಕ್ಷುದ್ರಂ ಹೃದಯದೌರ್ಬಲ್ಯಂ’ ಬಿಟ್ಟು ಎದ್ದೇಳು ಅನ್ನುತ್ತಾನಲ್ವಾ? ಅಲ್ಲಿ ಅದು ಅಂಜುಬುರುಕುತನ. “ನಾನು ಹೆದರುಪುಕ್ಕಲ ಅಂತ ಬರೆದಿದ್ದೀರಾ?” ಎಂದು ಕೇಳಿದರು. ಉಡುಪಿಯಂಥ ಊರಿನಲ್ಲಿ ಹೃದಯವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ಇಡುವ ಮೊದಲು ನಾನು ಯೋಚಿಸಬೇಕಿತ್ತು. ಆ ಪದವನ್ನು ಅವತ್ತೇ ಹೊಡೆದುಹಾಕಿದೆ.

‘ಅಶಕ್ತ’, ‘ಕೈಲಾಗದವರು’ ಅಂತೂ ಬೇಡವೇ ಬೇಡ. ‘ಬಡಕಲು’ ತಪ್ಪು, ಯಾಕೆಂದರೆ ದಪ್ಪಗಿದ್ದವರೂ ಫ್ರೇಲ್ ಆಗಿರಬಹುದು. ‘ಬಡವಾಗುವುದು’ ಅನ್ನುವ ಒಳ್ಳೆಯ ಕನ್ನಡದ ಮಾತಿದೆ. “ಜ್ವರ ಬಂದು ತುಂಬಾ ಬಡವಾಗಿದ್ದಾನೆ” ಅನ್ನುತ್ತೇವೆ. ಆದರೆ ತುಳುವಿನಲ್ಲಿ ‘ಬಡವು’ ಅಂದರೆ ಹಸಿವು. “ಬಡವಾಪುಂಡು” ಅಂದರೆ ಹಸಿವಾಗುತ್ತಿದೆ. ತುಳು ಮನೆಮಾತಿನ ಅಜ್ಜಿಗೆ “ಬಡವಾಗಿದ್ದೀರಾ?” ಎಂದು ಕೇಳಿದರೆ ಊಟದ ವಿಷಯ ಶುರುವಾಗುತ್ತದೆ. ಈ ಹಾಳೆ ಓದುವವರಲ್ಲಿ ಅಂಥವರೇ ಜಾಸ್ತಿ.

ಉಳಿದದ್ದು ‘ನಿತ್ರಾಣ’. ಹತ್ತಿರ ಬಂತು. ಆದರೆ ನಿತ್ರಾಣ ಅಂದರೆ ಇವತ್ತಿನ ಸ್ಥಿತಿ ಅಂತ ನನಗೆ ಅನ್ನಿಸುತ್ತದೆ. ಉಪವಾಸ ಮಾಡಿದರೆ ನಿತ್ರಾಣ, ಭೇದಿಯಾದರೆ ನಿತ್ರಾಣ, ಗಂಜಿ ಕುಡಿದರೆ ಸರಿಹೋಯಿತು. ಇಲ್ಲಿ ತ್ರಾಣ ಪೂರ್ತಿ ಹೋಗಿಲ್ಲ, ಮೆಲ್ಲಗೆ ಇಳಿಯುತ್ತಿದೆ.

ಹಾಗೆ ಯೋಚಿಸುತ್ತಾ ‘ತ್ರಾಣ’ದ ಬಳಿಯೇ ನಿಂತೆ. ಸಂಸ್ಕೃತದಲ್ಲಿ ತ್ರಾಣ ಅಂದರೆ ಕಾಪಾಡುವುದು. ಶಿರಸ್ತ್ರಾಣದಲ್ಲಿ ಅದೇ ಇದೆ. ಕನ್ನಡಕ್ಕೆ ಬಂದ ಮೇಲೆ ಅದು ಮೈಯ ಕಸುವು ಆಯಿತು. “ಮೆಟ್ಟಿಲು ಹತ್ತಲು ತ್ರಾಣ ಇಲ್ಲ” ಅನ್ನುತ್ತೇವೆ. ಕಾಪಾಡುವುದು ಮತ್ತು ಕಸುವು, ಇವೆರಡೂ ಸೇರಿದರೆ ನಮಗೆ ಬೇಕಾದ ಅರ್ಥವೇ ಸಿಗುತ್ತದೆ. ಕಷ್ಟ ಬಂದಾಗ ಮೈಯನ್ನು ಕಾಯುವ, ಕೂಡಿಟ್ಟ ಕಸುವು. ಅದು ಕುಂದಿದರೆ ‘ತ್ರಾಣಗುಂದು’. ‘ಎದೆಗುಂದು’ ನಮ್ಮಲ್ಲಿ ಇದ್ದೇ ಇದೆ, ಅದೇ ಜಾಡು. ಎದೆ ಕುಂದಿದರೆ ಅಂಜಿಕೆ, ತ್ರಾಣ ಕುಂದಿದರೆ ಫ್ರೇಲ್ಟಿ.

ಇನ್ನೊಂದು ಕಾರಣಕ್ಕೂ ಈ ಪದ ನನಗೆ ಇಷ್ಟ. ಕುಂದಿದ್ದು ಮತ್ತೆ ತುಂಬಬಹುದು. 2021ರಲ್ಲಿ ರಿಹ್ಯಾಬ್-ಎಚ್‌ಎಫ್ ಎಂಬ ಅಧ್ಯಯನ ಪ್ರಕಟವಾಯಿತು. ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ಸಾಕಷ್ಟು ರಕ್ತ ಪಂಪ್ ಮಾಡಲು ಆಗದಿರುವುದು) ಹೆಚ್ಚಾಗಿ ಆಸ್ಪತ್ರೆ ಸೇರಿದ್ದ 349 ಹಿರಿಯರು ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ಬಲ, ಸಮತೋಲ, ಚಲನೆ, ತಾಳಿಕೆ ಹೆಚ್ಚಿಸುವ ವ್ಯಾಯಾಮ ಮಾಡಿಸಿದರು. ಮೂರು ತಿಂಗಳಲ್ಲಿ ಅವರ ಮೈಯ ಚಟುವಟಿಕೆ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತು. ಮತ್ತೆ ಆಸ್ಪತ್ರೆ ಸೇರುವುದೇನೂ ಸ್ಪಷ್ಟವಾಗಿ ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕು. ಆದರೂ ಎದ್ದು ನಾಲ್ಕು ಹೆಜ್ಜೆ ನಡೆಯುವಂತಾಗುವುದು ಸಣ್ಣ ವಿಷಯ ಅಲ್ಲ. ಇನ್ನು ಮುಗಿಯಿತು ಎನ್ನುವ ಪದವನ್ನು ಇಂಥವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ನನ್ನ ಪ್ರಶ್ನೆಗಳು ಇವು. ‘ತ್ರಾಣಗುಂದು’ ಕ್ರಿಯಾಪದವಾಗಿ ಕಿವಿಗೆ ಹಿತವಾಗಿದೆ. ನಾಮಪದಕ್ಕೆ ಏನು? ‘ತ್ರಾಣಗುಂದುವಿಕೆ’ ಉದ್ದವಾಯಿತಾ? ‘ಪ್ರೀ-ಫ್ರೇಲ್’ಗೆ ‘ತ್ರಾಣ ಕುಂದತೊಡಗಿದೆ’ ಎಂದು ಬಿಡಿಸಿ ಬರೆದರೆ ಸಾಕಾ? ಧಾರವಾಡ, ಕಲಬುರಗಿ, ಮೈಸೂರು ಕಡೆಯವರೇ, ನಿಮ್ಮ ಮನೆಗಳಲ್ಲಿ ಹಿರಿಯರು ‘ತ್ರಾಣ’ ಅನ್ನುತ್ತಾರಾ, ಅಥವಾ ಬೇರೆ ಮಾತಿದೆಯಾ?

ಕೊನೆಗೆ ಒಂದು ವಾಕ್ಯ. ಆ ಐದು ಗುರುತುಗಳಲ್ಲಿ ಒಂದಾದ ಆಯಾಸವನ್ನು ತಿಳಿಯಲು “ಏನೂ ಶುರು ಮಾಡಲು ಆಗಲಿಲ್ಲ ಎಂದು ವಾರದಲ್ಲಿ ಎಷ್ಟು ದಿನ ಅನಿಸಿತು?” ಎಂಬ ಅರ್ಥದ ಪ್ರಶ್ನೆ ಇದೆ. ನಾನು ಮೊದಲು ‘ಮೈ ಬಗ್ಗಲಿಲ್ಲ’ ಎಂದು ಬರೆದಿದ್ದೆ. ಅದು ಸೋಮಾರಿಗೆ ಬೈಯುವ ಮಾತು ಎಂದು ಆಮೇಲೆ ಹೊಳೆಯಿತು. ಈಗ ‘ಏಳೋಣ ಅಂದರೂ ಮೈ ಏಳಲಿಲ್ಲ’ ಎಂದು ತಿದ್ದಿದ್ದೇನೆ. ಭಾನುವಾರ ಪಕ್ಕದ ಮನೆಯ ಅಜ್ಜನಿಗೆ ಹಾಳೆಯನ್ನು ಮತ್ತೆ ಓದಿ ಹೇಳುವುದಿದೆ. ಅಷ್ಟರೊಳಗೆ ಯಾರಾದರೂ ಇದಕ್ಕಿಂತ ಒಳ್ಳೆಯದನ್ನು ಕೊಟ್ಟರೆ ಉಪಕಾರವಾಗುತ್ತದೆ.