ಸಿ ಡ್ರೈವ್ ಒಂದೇ ಇದೆ. ಪಾರ್ಟಿಶನ್ ಮಾಡಿದ್ರೆ ಕಂಪ್ಯೂಟರ್ ಫಾಸ್ಟ್ ಆಗುತ್ತಾ?

ಪ್ರಶ್ನೆ: ಸರ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಇರೋ ಜಾಗವೆಲ್ಲ ಸಿ ಡ್ರೈವ್‌ನಲ್ಲೇ. ಆನ್ ಆಗೋಕೆ ತುಂಬಾ ಹೊತ್ತು, ಫೈಲ್‌ಗಳೂ ಚೆಲ್ಲಾಪಿಲ್ಲಿ. ನಾಲ್ಕು ಪಾರ್ಟಿಶನ್ ಮಾಡಿದ್ರೆ ಸ್ಪೀಡ್ ಬರುತ್ತೆ ಅಂತಾರೆ, ನಿಜಾನಾ?

ಉತ್ತರ: ಪಾರ್ಟಿಶನ್ ಅಂದ್ರೆ ಒಂದೇ ಡಿಸ್ಕನ್ನ ಸಿ, ಡಿ ಅಂತ ಭಾಗ ಮಾಡೋದು. ಫೈಲ್ ಜೋಡಿಸೋಕೆ ಮಾಡಿ, ಸ್ಪೀಡ್‌ಗೆ ಅಂತ ಬೇಡ. ತಿರುಗುವ ಡಿಸ್ಕ್‌ನ ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಹೆಚ್ಚು ಡೇಟಾ ಹಿಡಿಯುತ್ತೆ. ಹಾಗಾಗಿ ಅಲ್ಲಿ ಓದುವ ವೇಗ ಒಳಗಿನ ಅಂಚಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಮೊದಲ ಪಾರ್ಟಿಶನ್ ಕೂರೋದು ಸಾಮಾನ್ಯವಾಗಿ ಅಲ್ಲೇ. ಸಿ ಚಿಕ್ಕದಿದ್ರೆ ವಿಂಡೋಸ್ ಫೈಲ್‌ಗಳು ಒಳಗೆ ಹರಡಲ್ಲ, ಡೇಟಾ ಓದೋ ಹೆಡ್ಡಿನ ಓಡಾಟ ಸ್ವಲ್ಪ ತಗ್ಗುತ್ತೆ. ಲಾಭ ಅಷ್ಟೇ. ಅದೇ ಡಿಸ್ಕ್‌ನ ಸಿ, ಡಿ ಎರಡರಲ್ಲೂ ಒಟ್ಟಿಗೆ ಕೆಲಸ ನಡೆದ್ರೆ ಹೆಡ್ಡು ಅತ್ತಿಂದಿತ್ತ ಅಲೆದು ಇನ್ನೂ ನಿಧಾನ ಆಗುತ್ತೆ. ಪೇಜ್‌ಫೈಲನ್ನ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸೋ ಫೈಲ್) ಡಿಗೆ ಹಾಕಿ ಅನ್ನೋ ಸಲಹೆ ಕೆಲಸಕ್ಕೆ ಬರದಿರೋದು ಇದಕ್ಕೇ. ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗವಿಲ್ಲದ, ಚಿಪ್‌ನ ಡ್ರೈವ್) ಹೊರಗೆ ಒಳಗೆ ಅನ್ನೋದೇ ಇಲ್ಲ. ನಿಮ್ಮ ಬೂಟ್ ನಿಧಾನಕ್ಕೆ ಮದ್ದು ಎಸ್‌ಎಸ್‌ಡಿನೇ.

ನಾಲ್ಕು ಬೇಡ, ಎರಡು ಸಾಕು. ವಿಂಡೋಸ್ ಕೆಟ್ಟಾಗ ಸಿ ಮಾತ್ರ ಫಾರ್ಮ್ಯಾಟ್ ಮಾಡಿ ಡಿಯಲ್ಲಿರೋದನ್ನ ಉಳಿಸ್ಕೋಬಹುದು. ಡಿಸ್ಕೇ ಸತ್ತರೆ ಎರಡೂ ಹೋಗುತ್ತೆ, ಹಾಗಾಗಿ ಮೊದಲು ಬೇರೆ ಡಿಸ್ಕ್‌ಗೆ ಬ್ಯಾಕಪ್ ತಗೊಳ್ಳಿ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್. ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಅಲ್ಲಿ ಕೇಳೋದು ಎಷ್ಟು ಕಡಿಮೆ ಮಾಡಬೇಕು ಅಂತ, ಸಿಯಲ್ಲಿ ಎಷ್ಟು ಉಳಿಬೇಕು ಅಂತಲ್ಲ. ಅದೂ ಎಂಬಿ ಲೆಕ್ಕದಲ್ಲಿ. ನಿಮ್ಮ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 931 ಜಿಬಿ ತೋರಿಸುತ್ತೆ. ಅದರಲ್ಲಿ 700 ಜಿಬಿ ಬೇರೆ ಮಾಡೋಕೆ 716800 ಹಾಕಿ. ಕಪ್ಪು ಪಟ್ಟಿಯ ಖಾಲಿ ಜಾಗ ಬಂದ ಮೇಲೆ ಅದರಲ್ಲಿ ನ್ಯೂ ಸಿಂಪಲ್ ವಾಲ್ಯೂಮ್, ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್, ಅಲೊಕೇಶನ್ ಯೂನಿಟ್ ಡಿಫಾಲ್ಟ್ ಇರಲಿ.

ಪ್ರಶ್ನೆ: ಸಿಯಲ್ಲಿ 800 ಜಿಬಿ ಖಾಲಿ ಇದೆ, ಶ್ರಿಂಕ್ ಮಾಡೋಕೆ 40 ಜಿಬಿ ಮಾತ್ರ ಕೊಡ್ತಿದೆ ಸರ್.

ಉತ್ತರ: ಜರುಗಿಸಲಾಗದ ಫೈಲ್ ಯಾವುದೋ ಮಧ್ಯದಲ್ಲಿ ಕೂತಿದೆ; ಅದನ್ನ ದಾಟಿ ಶ್ರಿಂಕ್ ಆಗಲ್ಲ. ಸಾಮಾನ್ಯವಾಗಿ ಪೇಜ್‌ಫೈಲ್, ಹೈಬರ್ನೇಶನ್ ಫೈಲ್, ಸಿಸ್ಟಮ್ ರಿಸ್ಟೋರ್ ಪಾಯಿಂಟ್‌ಗಳು. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಶ್ರಿಂಕ್ ಮಾಡಿ. ಆಮೇಲೆ ಪುನಃ ಆನ್ ಮಾಡೋದು ಮರೀಬೇಡಿ. ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಮಾತ್ರ ಅಳಿಸಿಹೋಗುತ್ತೆ.

ಇನ್ನೊಬ್ಬರ ಪ್ರಶ್ನೆ: ನಂದು ಶ್ರಿಂಕ್ ಆಯ್ತು. ಆದ್ರೆ ಹೊಸ ವಾಲ್ಯೂಮ್ ಮಾಡೋಕೆ ಹೋದ್ರೆ ಡಿಸ್ಕ್ ಡೈನಾಮಿಕ್ ಆಗುತ್ತೆ ಅಂತ ವಾರ್ನಿಂಗ್. ಯಸ್ ಕೊಡ್ಲಾ?

ಉತ್ತರ: ಬೇಡ! ನೋ ಕೊಡಿ. ನಿಮ್ಮ ಡಿಸ್ಕ್ ಎಂಬಿಆರ್ ಪದ್ಧತಿಯದ್ದು (ಪಾರ್ಟಿಶನ್ ಪಟ್ಟಿ ಬರೆದಿಡೋ ಹಳೇ ವಿಧಾನ), ಪ್ರೈಮರಿ ಪಾರ್ಟಿಶನ್ ನಾಲ್ಕಕ್ಕಿಂತ ಹೆಚ್ಚು ಆಗಲ್ಲ. ಕಂಪನಿಯವರೇ ನಾಲ್ಕೂ ಮಾಡಿಟ್ಟಿರ್ತಾರೆ. ಡೈನಾಮಿಕ್ ಆದ್ರೆ ಡೇಟಾ ಅಳಿಸದೆ ಮಾಮೂಲಿ ಬೇಸಿಕ್ ಡಿಸ್ಕ್‌ಗೆ ವಾಪಸ್ ತರೋಕೆ ವಿಂಡೋಸ್‌ನಲ್ಲಿ ದಾರಿ ಇಲ್ಲ. ಜಿಪಿಟಿಗೆ (ಅದೇ ಪಟ್ಟಿಯ ಹೊಸ ವಿಧಾನ) ಬದಲಾಯಿಸೋದು ಒಳ್ಳೇದು, ಅಲ್ಲಿ 128ರವರೆಗೆ ಆಗುತ್ತೆ. ಅದಕ್ಕೆ ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್-ಟು-ಜಿಪಿಟಿ ಟೂಲ್ ಇದೆ. ಆದ್ರೆ ಪ್ರೈಮರಿ ಮೂರಕ್ಕಿಂತ ಹೆಚ್ಚಿದ್ರೆ ಅದು ಒಪ್ಪಲ್ಲ, ಬೇಡದ ಒಂದನ್ನ ಮೊದಲೇ ತೆಗೀಬೇಕು. ಬದಲಾಯಿಸಿದ ಮೇಲೆ ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟಿಂಗ್) ಯುಇಎಫ್‌ಐ ಅನ್ನೋ ಹೊಸ ಬೂಟ್ ವಿಧಾನ ಆನ್ ಮಾಡದಿದ್ರೆ ಬೂಟ್ ಆಗಲ್ಲ. ಮದರ್‌ಬೋರ್ಡ್‌ಗೆ ಯುಇಎಫ್‌ಐ ಇದೆಯಾ ನೋಡ್ಕೊಂಡೇ ಕೈ ಹಾಕಿ.

ಪ್ರಶ್ನೆ: ಡಿ ರೆಡಿ ಆಯ್ತು ಸರ್. ಡಾಕ್ಯುಮೆಂಟ್ಸ್ ಪೂರ್ತಿ ಅಲ್ಲಿಗೆ ಹಾಕೋದು ಹೇಗೆ? ಮುಂದೆ ಸಿ ತುಂಬಿದ್ರೆ?

ಉತ್ತರ: ಡಿಯಲ್ಲಿ ಮೊದಲು ಡಾಕ್ಯುಮೆಂಟ್ಸ್ ಅಂತ ಫೋಲ್ಡರ್ ಮಾಡಿ. ಆಮೇಲೆ ಹಳೆ ಫೋಲ್ಡರ್‌ನ ಪ್ರಾಪರ್ಟೀಸ್, ಲೊಕೇಶನ್ ಟ್ಯಾಬ್, ಮೂವ್. ಬರೀ ಡಿ ಡ್ರೈವನ್ನೇ ತೋರಿಸಿಬಿಟ್ರೆ ಇಡೀ ಡ್ರೈವೇ ಡಾಕ್ಯುಮೆಂಟ್ಸ್ ಆಗಿ ಕೂತು ತಲೆನೋವು. ಪಿಕ್ಚರ್ಸ್, ವಿಡಿಯೋಸ್ ಹೀಗೇ. ಆಪ್‌ಡೇಟಾ, ಪ್ರೋಗ್ರಾಮ್ ಫೈಲ್ಸ್ ಮುಟ್ಟಬೇಡಿ.

ಸಿ ತುಂಬಿದ್ರೆ ಕಷ್ಟವೇ. ಎಕ್ಸ್‌ಟೆಂಡ್ ವಾಲ್ಯೂಮ್ ಕೆಲಸ ಮಾಡೋದು ಖಾಲಿ ಜಾಗ ಸಿಯ ಬಲಕ್ಕೆ ಅಂಟಿಕೊಂಡಿದ್ರೆ ಮಾತ್ರ. ಅಲ್ಲಿ ಈಗ ಡಿ ಇದೆ. ಡಿಯನ್ನ ಶ್ರಿಂಕ್ ಮಾಡಿದ್ರೂ ಜಾಗ ಅದರ ಬಲಕ್ಕೇ ಬರುತ್ತೆ. ಆಗ ಡಿ ಖಾಲಿ ಮಾಡಿ ಅಳಿಸ್ಬೇಕಾಗುತ್ತೆ. ಅದಕ್ಕೇ ಸಿಗೆ 200 ಜಿಬಿಗೂ ಹೆಚ್ಚು ಬಿಡೋ ಲೆಕ್ಕ ಕೊಟ್ಟಿದ್ದು.